ಸೋಗ್ನೆಫ್ಯೋರ್ಡ್: ರಸ್ತೆ ನಿಂತುಹೋಗುವ ಜಾಗ

ನಾರ್ವೆಯ ಬರ್ಗೆನ್‌ನಿಂದ ಇ39 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಒಪ್ಪೆದಾಲ್ ಎಂಬಲ್ಲಿ ರಸ್ತೆ ನೀರಿಗೆ ಬಂದು ನಿಲ್ಲುತ್ತದೆ. ಆಚೆ ದಡ ಲಾವಿಕ್. ನಡುವೆ ಸೋಗ್ನೆಫ್ಯೋರ್ಡ್, ಅಂದರೆ 200 ಕಿ.ಮೀ.ಗೂ ಹೆಚ್ಚು ಒಳನಾಡಿಗೆ ಚಾಚಿದ ಸಮುದ್ರದ ತೋಳು. ದಾಟಲು ಫೆರಿಯೇ ಗತಿ.

ಅಷ್ಟು ಶ್ರೀಮಂತ ದೇಶ, ಒಂದು ಸೇತುವೆ ಕಟ್ಟೋಕಾಗಲ್ವಾ?

ಕಾರಣ ನೀರಿನ ಕೆಳಗಿದೆ. ಹಿಮಯುಗಗಳಲ್ಲಿ ಹಿಮನದಿಗಳು ಈ ಕಣಿವೆಯನ್ನು ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗೆ ಕೊರೆದವು. ಅತಿ ಆಳ ಸುಮಾರು 1300 ಮೀಟರ್. ಕರಾವಳಿ ತಲುಪಿದ ಹಿಮ ಹರಡಿ ತೆಳುವಾಗಿ ಕೊರೆಯುವ ಶಕ್ತಿ ಕಳೆದುಕೊಂಡಿತು, ಹಾಗಾಗಿ ಬಾಯಿಯ ಬಳಿ ಆಳ ತುಂಬಾ ಕಮ್ಮಿ. ಹೊರಗೆ ಕಮ್ಮಿ, ಒಳಗೆ ಜಾಸ್ತಿ!

ಸೇತುವೆಗಾಗಿ ಅಧ್ಯಯನ ಮಾಡಿದ ಜಾಗದಲ್ಲಿ ಅಗಲ 3.7 ಕಿ.ಮೀ., ಆಳ ಸುಮಾರು 1250 ಮೀಟರ್. ಕಂಬ ನಿಲ್ಲಿಸುವ ಮಾತೇ ಇಲ್ಲ. ತೂಗುಸೇತುವೆ? 2022ರಲ್ಲಿ ತೆರೆದ ಟರ್ಕಿಯ ಚನಕ್ಕಲೆ ಸೇತುವೆಯ ಮುಖ್ಯ ಸ್ಪ್ಯಾನ್ 2023 ಮೀಟರ್. ಇಲ್ಲಿ ಅದರ ಹತ್ತಿರಹತ್ತಿರ ಎರಡರಷ್ಟು ಬೇಕು. ಸ್ಪ್ಯಾನ್ ಬೆಳೆದಂತೆ ಕೇಬಲ್‌ನ ಶಕ್ತಿಯೆಲ್ಲ ತನ್ನ ಭಾರ ಹೊರುವುದಕ್ಕೇ ಖರ್ಚಾಗುತ್ತದೆ. ತಳದ ಬಂಡೆಯಲ್ಲಿ ಸುರಂಗ? 5% ಇಳಿಜಾರಿನಲ್ಲಿ 1300 ಮೀಟರ್ ಇಳಿಯಲು 26 ಕಿ.ಮೀ., ಹತ್ತಲು ಮತ್ತೆ 26. ನಾಲ್ಕು ಕಿ.ಮೀ. ದಾಟಲು ಐವತ್ತೆರಡು!

ಉಳಿದಿದ್ದು ವಿಚಿತ್ರವಾದ ಐಡಿಯಾ: ಮೇಲ್ಮೈಯಿಂದ ಇಪ್ಪತ್ತು ಮೂವತ್ತು ಮೀಟರ್ ಕೆಳಗೆ, ತೇಲುವ ಪಾಂಟೂನ್‌ಗಳಿಗೆ ಜೋತುಬಿದ್ದ ಕಾಂಕ್ರೀಟ್ ಕೊಳವೆ. ಕೊಳವೆಯ ತೂಕವೂ ಪ್ಲವನ ಬಲವೂ ಹೆಚ್ಚುಕಮ್ಮಿ ಸಮ ಇರಬೇಕು, ಹಡಗುಗಳು ಪಾಂಟೂನ್‌ಗಳ ನಡುವೆ ಹಾಯಬೇಕು. ಆರ್ಕಿಮಿಡಿಸ್ ಒಪ್ಪುತ್ತಾನೆ. ಆದ್ರೆ ಇಂಥದ್ದನ್ನು ಜಗತ್ತಿನಲ್ಲಿ ಯಾರೂ ಇನ್ನೂ ಕಟ್ಟಿಲ್ಲ.

ಒಳಗಿನ ಕವಲುಗಳಲ್ಲಿ ಮಾತ್ರ ಬಂಡೆ ಕೊರೆದೇ ದಾರಿ ಮಾಡಿದ್ದಾರೆ. ಫ್ಯೋರ್ಡ್‌ನ ಕವಲೊಂದರ ತುದಿಯಲ್ಲಿರುವ ಫ್ಲೋಮ್‌ಗೆ ರೈಲು 20 ಕಿ.ಮೀ.ಯಲ್ಲಿ 860 ಮೀಟರ್‌ಗೂ ಹೆಚ್ಚು ಇಳಿಯುತ್ತದೆ. 2000ದಲ್ಲಿ ತೆರೆದ ಲಾರ್ಡಾಲ್ ಸುರಂಗ 24.5 ಕಿ.ಮೀ.; ಚಾಲಕರಿಗೆ ತೂಕಡಿಕೆ ಬಾರದಿರಲಿ ಅಂತ ನಡುನಡುವೆ ನೀಲಿ ಬೆಳಕಿನ ಮೂರು ದೊಡ್ಡ ಗುಹೆಗಳನ್ನು ಕೊರೆದಿದ್ದಾರೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಫೆರಿ. 2015ರಲ್ಲಿ ಒಪ್ಪೆದಾಲ್–ಲಾವಿಕ್ ನಡುವೆ 'ಆಂಪೆರ್' ಓಡತೊಡಗಿತು. ಪೂರ್ತಿ ಬ್ಯಾಟರಿಯಲ್ಲೇ ಓಡುವ ಮೊದಲ ದೊಡ್ಡ ಕಾರ್ ಫೆರಿ ಇದು: 120 ಕಾರು, ಸುಮಾರು ಇಪ್ಪತ್ತು ನಿಮಿಷದ ಪಯಣ. ತೊಡಕು ದಡದಲ್ಲಿತ್ತು. ದಡದಲ್ಲಿ ನಿಲ್ಲುವ ಹತ್ತೇ ನಿಮಿಷದಲ್ಲಿ ಚಾರ್ಜ್ ಆಗಬೇಕು, ಹಳ್ಳಿಯ ಗ್ರಿಡ್‌ಗೆ ಆ ಲೋಡ್ ತಡೆಯುವ ತಾಕತ್ತಿಲ್ಲ. ಅದಕ್ಕೆ ಎರಡೂ ದಡಗಳಲ್ಲಿ ಬ್ಯಾಟರಿ ಇಟ್ಟರು. ನಮ್ಮ ಹಾಸ್ಟೆಲ್ ಟ್ಯಾಂಕ್ ಲೆಕ್ಕವೇ: ಸಣ್ಣ ಮೋಟರ್ ರಾತ್ರಿಯಿಡೀ ತುಂಬಿಸುತ್ತೆ, ಬೆಳಗ್ಗೆ ಎಂಟಕ್ಕೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸ್ತಾರೆ. ಫೆರಿ ಆಚೆ ದಡಕ್ಕೆ ಹೋಗಿ ಬರುವಷ್ಟರಲ್ಲಿ ಈಚೆಯ ಬ್ಯಾಟರಿ ನಿಧಾನಕ್ಕೆ ತುಂಬಿಕೊಳ್ಳುತ್ತಿರುತ್ತದೆ.