ಕಟ್ಟುವುದೋ, ಕೊಳ್ಳುವುದೋ?

ಹಳೇ ಎಸ್ಟೀಮನ್ನು ನೀವೇ ರ‍್ಯಾಲಿ ಕಾರು ಮಾಡುವ ಆಸೆ ತಪ್ಪಲ್ಲ. ಆದರೂ ಮೊದಲ ಕಾರು ಕಟ್ಟಿದ್ದನ್ನೇ ಕೊಳ್ಳಿ. ರೋಲ್ ಕೇಜ್, ಬಕೆಟ್ ಸೀಟು, ಸಸ್ಪೆನ್ಷನ್ನಿಗೆ ಸುರಿದ ದುಡ್ಡು ಮಾರುವಾಗ ಪೂರ್ತಿ ಹುಟ್ಟುವುದಿಲ್ಲ. ಆ ನಷ್ಟ ಹಿಂದಿನ ಮಾಲೀಕರಿಗಿರಲಿ.

ನೋಡಲು ಹೋದಾಗ ಎಂಜಿನ್ ಸದ್ದಿಗೆ ಮರುಳಾಗಬೇಡಿ. ಎಂಜಿನ್ ಬಿಚ್ಚಿ ಸರಿಮಾಡಬಹುದು, ತಿರುಚಿಕೊಂಡ ಬಾಡಿ ಕಷ್ಟ. ಕಾರು ಎತ್ತಿಸಿ, ಸ್ಟ್ರಟ್ ಕೂರುವ ಜಾಗದಲ್ಲೂ ಕೇಜಿನ ಬುಡದ ವೆಲ್ಡಿಂಗಿನಲ್ಲೂ ಬಿರುಕು ಹುಡುಕಿ. ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಅನುಮಾನಪಡಿ. ಎಫ್‌ಐಎ ಬೆಲ್ಟುಗಳ ಲೇಬಲ್ಲಿನಲ್ಲಿ ವಾಯಿದೆಯ ವರ್ಷವಿರುತ್ತದೆ. ಮುಗಿದಿದ್ದರೆ ಬೆಲೆ ಇಳಿಸಿ ಕೇಳಿ. ಆರ್‌ಸಿ, ವಿಮೆ ಸರಿಯಿಲ್ಲದ ಕಾರು ಬೇಡವೇ ಬೇಡ: ಸ್ಟೇಜುಗಳ ನಡುವೆ ಓಡಿಸಬೇಕಾದದ್ದು ಸಾರ್ವಜನಿಕ ರಸ್ತೆಯಲ್ಲೇ. ಕೇಜು ಈಗಿನ ಎಫ್‌ಎಂಎಸ್‌ಸಿಐ ನಿಯಮಕ್ಕೆ ಒಪ್ಪುತ್ತದೆಯೇ ಎಂದು ತಿಳಿದವರಿಂದ ನೋಡಿಸಿಯೇ ಮುಂಗಡ ಕೊಡಿ. ಉಳಿದ ಹಣ ಟೈರಿಗೆ ಬೇಕಾಗುತ್ತದೆ.