ಸರದಿ ಬಂದ ಹರಕೆ

ಮಂದಾರ್ತಿಯ ದುರ್ಗಾಪರಮೇಶ್ವರಿಗೆ ಹರಕೆಯ ಯಕ್ಷಗಾನದ ಆಟ ಹೇಳಿಕೊಂಡವರಿಗೆ ತಾಳ್ಮೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಒಂದಲ್ಲ, ಐದು ಮೇಳಗಳು ತಿರುಗಾಟಕ್ಕೆ ಹೊರಟರೂ ಹೆಸರು ಬರೆಸಿದವನ ಸರದಿ ಬರುವುದಕ್ಕೆ ವರ್ಷಗಳೇ ಹಿಡಿಯುವುವೆಂಬುದು ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಲ್ಲರೂ ಬಲ್ಲ ಸಂಗತಿ. ಆದರೆ ಯಾರ ಆಯುಸ್ಸಿಗಾಗಿ ಹರಕೆ ಹೊತ್ತೆವೋ ಅವರೇ ಇಲ್ಲವಾದ ಮೇಲೆ ಸರದಿ ಬಂದರೆ ಮಾಡತಕ್ಕದ್ದೇನೆಂದು ಸರಿಯಾಗಿ ಹೇಳುವವರು ಕಡಮೆ. ನನಗೆ ಹೇಳಿದವರೆಲ್ಲ ತಪ್ಪಾಗಿಯೇ ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮಗಳಿಗೆ ರಕ್ತದ ವ್ಯಾಧಿಯೆಂದು ವೈದ್ಯರು ನುಡಿದ ವರ್ಷ ನಾವು ಈ ಸೀಮೆಯ ಒಂದು ದೇವರನ್ನೂ ಬಿಡಲಿಲ್ಲ. ಆನೆಗುಡ್ಡೆಯ ವಿನಾಯಕನಿಗೆ ತುಲಾಭಾರ, ಕೊಲ್ಲೂರಿನಲ್ಲಿ ಚಂಡಿಕಾಹೋಮ, ಮಂದಾರ್ತಿಗೆ ಆಟ. ನೀನಿದನ್ನು ಕೊಡು, ನಾನದನ್ನು ಒಪ್ಪಿಸುವೆನು ಎಂಬ ಈ ಕರಾರಿಗೆ ನಮ್ಮಲ್ಲಿ ಭಕ್ತಿಯೆನ್ನುತ್ತಾರೆ, ನಾನೂ ಅನ್ನುತ್ತಿದ್ದೆನು. ಆ ಮಳೆಗಾಲ ಮುಗಿಯುವುದರೊಳಗೆ ಮಗಳು ಹೋದಳು.

ವರ್ಷಗಳು ಕಳೆದು ಆಟದ ಸರದಿ ಬಂದಾಗ, ಕರೆಯದಿದ್ದರೂ ಮೊದಲು ಬಂದವರು ಭಾವನವರು. “ಮಗಳೇ ಉಳಿಲಿಲ್ಲ, ಇನ್ನೆಂತ ಹರ್ಕಿ ಮಾರಾಯ?” ಎಂದರು. ಉತ್ತರಕ್ರಿಯೆಯ ಪಂಕ್ತಿಯಲ್ಲಿ ಕುಳಿತು, ಹರಕೆ ಸಲ್ಲದಿದ್ದುದರಿಂದಲೇ ಹೀಗಾಯಿತೆಂದು ಊರಿಗೆಲ್ಲ ಕೇಳುವಂತೆ ನುಡಿದವರೂ ಇದೇ ಮಹನೀಯರು! ನನ್ನ ಹೆಂಡತಿ ವಾದಕ್ಕೆ ಇಳಿಯಲಿಲ್ಲ. ಹೇಳಿದ್ದನ್ನು ಕೊಡೋಣ, ಪ್ರಸಂಗ ಮಾತ್ರ ‘ಅಭಿಮನ್ಯು ಕಾಳಗ’ವಾಗಲಿ ಎಂದಳು. ಮಗುವನ್ನು ಕಳೆದುಕೊಂಡ ಮನೆಯ ಗದ್ದೆಯಲ್ಲಿಯೇ ಮತ್ತೊಬ್ಬ ತಾಯಿಯ ಮಗ ಸಾಯುವ ಕಥೆಯೇ ಎಂದು ಹಿರಿಯರು ಕಿವಿ ಮುಚ್ಚಿಕೊಂಡರು.

ಆ ರಾತ್ರಿ, ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಎದ್ದು, ಚೌಕಿಯಲ್ಲಿ ವೇಷಗಳು ಅರೆಬರೆ ಬಣ್ಣದಲ್ಲಿ ಎದ್ದುನಿಂತು, ಗಣಪತಿಯ ಮುಂದೆ ಮಂಗಳಾರತಿ ಬೆಳಗುವ ಹೊತ್ತಿನಲ್ಲಿ, ಪ್ರಾರ್ಥನೆ ಮಾಡುವವರು ನನ್ನ ಕಡೆಗೆ ತಿರುಗಿ, ಅವರಿಗೆ ನಮ್ಮ ವೃತ್ತಾಂತ ತಿಳಿದಿರುವ ಸಂಭವವೇ ಇರಲಿಲ್ಲವಾದ್ದರಿಂದ ಸಹಜವಾಗಿಯೇ, ಹರಕೆ ಯಾರ ಹೆಸರಿನದೆಂದು ಕೇಳಿದರು. ನಾಲಗೆ ಏಳಲಿಲ್ಲ. ಚಂಡೆಯವನು ಕೋಲನ್ನು ಹಿಡಿದು ಕಾದನು, ಹಿಂದೆ ನಿಂತ ನೆಂಟರು ಪಿಸುಗುಟ್ಟಿದರು, ಭಾವನವರು ಕೆಮ್ಮಿದರು. ಆರೋಗ್ಯ, ಆಯುಷ್ಯ, ವಿದ್ಯೆ ಎಂದು ಬೇಡಲು ಕಲಿತ ನನಗೆ ಬೇಡತಕ್ಕದ್ದು ಯಾವುದೂ ಉಳಿದಿರಲಿಲ್ಲ. ಆಗ ಹೆಂಡತಿ ಮುಂದೆ ಬಂದು ಮಗಳ ಹೆಸರನ್ನೂ ನಕ್ಷತ್ರವನ್ನೂ ಬದುಕಿರುವವರದನ್ನು ಹೇಳುವಂತೆಯೇ ಹೇಳಿದಳು. ಪ್ರಾರ್ಥನೆ ನಡೆಯಿತು. ಏನನ್ನೂ ಕೇಳದೆ ದೇವಿಯ ಎದುರು ನಿಂತದ್ದು ನನ್ನ ಬಾಳಿನಲ್ಲಿ ಅದೇ ಮೊದಲು. ಕೈ ನೀಡದೆ ನಿಂತವನಿಗೆ ಆಕೆ ಅಷ್ಟು ಸಮೀಪವಿರುವಳೆಂದು ನಾನು ಎಣಿಸಿರಲಿಲ್ಲ.

ನಡುರಾತ್ರಿಯ ಮೇಲೆ, ಯುದ್ಧಕ್ಕೆ ಹೊರಟ ಮಗನನ್ನು ಸುಭದ್ರೆ ತಡೆಯುವ ಸಂವಾದ ಬಂದಿತು. ಎಷ್ಟೋ ಸಲ ಕೇಳಿ, ಅರ್ಥಧಾರಿಗಳ ಚಾತುರ್ಯವನ್ನು ತೂಗಿ, ಮನೆಗೆ ಹೋಗಿ ಮಲಗಿದ ಸಂವಾದವದು. ಅಂದು ಮಾತ್ರ ಬೇರೊಂದು ತೋರಿತು: ಸುಭದ್ರೆ ಯಾರ ತಂಗಿ? ಅರ್ಜುನನ ರಥದಲ್ಲಿ ಸಾರಥಿಯಾಗಿ ಸಂಶಪ್ತಕರ ಕಡೆಗೆ ಹೋದ ಕೃಷ್ಣನು ಸ್ವಂತ ಸೋದರಳಿಯನನ್ನು ಉಳಿಸಿಕೊಳ್ಳಲಿಲ್ಲ. ತಂಗಿಗೇ ಸಲ್ಲದ ವಿನಾಯಿತಿಯನ್ನು ನಾನು ಒಂದು ರಾತ್ರಿಯ ಆಟಕ್ಕೆ ಬದಲಾಗಿ ಕೇಳಿದ್ದೆನು. ಸುಭದ್ರೆಯಾದರೋ ಅಣ್ಣನನ್ನು ಬಿಟ್ಟುಹೋದವಳಲ್ಲ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಇದನ್ನು ನನಗಿಂತ ಮೊದಲೇ ಬಲ್ಲವಳಾಗಿದ್ದಳೆಂದು ಈಗ ಅನಿಸುತ್ತದೆ, ಕೇಳಿದರೆ ನಗುತ್ತಾಳೆ.

ನಮ್ಮಂತಹ ಸ್ಥಿತಿಯಲ್ಲಿರುವವರಿಗೆ ಹೇಳತಕ್ಕ ಮಾತು ಹೆಚ್ಚೇನೂ ಇಲ್ಲ. ಫಲ ಕೊಡದ ಹರಕೆಯನ್ನೂ ಸಲ್ಲಿಸಿರಿ. ಸೂತಕದ ಮನೆಗೆ ಬಂದು ದೇವರ ನಡತೆಗೆ ಕಾರಣಗಳನ್ನು ಹೇಳುವ ನೆಂಟರಿಗೆ ಕಾಫಿ ಕೊಟ್ಟು ಬೇಗನೆ ಕಳುಹಿಸಿರಿ. ಮೇಳದವರಿಗೆ ಊಟವನ್ನು ಹೊತ್ತಿಗೆ ಸರಿಯಾಗಿ ಬಡಿಸಿರಿ. ರಾತ್ರಿಯಿಡೀ ಕುಣಿಯುವವರು ಅವರು. ಪ್ರಸಂಗವನ್ನು ಮನೆಯ ಹೆಂಗಸರು ಆರಿಸಲಿ.

ಮಂದಾರ್ತಿಯಲ್ಲಿ ಇನ್ನೊಂದು ಆಟಕ್ಕೆ ಹೆಸರು ಬರೆಸಿದ್ದೇನೆ, ಯಾವ ಕೋರಿಕೆಯೂ ಇಲ್ಲದೆ. ಸರದಿ ಬರುವಾಗ ನಾನಿರುವೆನೋ ಇಲ್ಲವೋ. ಮಗನಿಗೆ ಹೇಳಿಟ್ಟಿದ್ದೇನೆ, ಭಾವನವರಿಗೆ ಹೇಳಿಲ್ಲ.