ರೇಷ್ಮೆ ಮನೆ ಪಕ್ಕ ಕಡಲ ಮೀನು

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಕ್ಲೌನ್ ಮೀನು ಸಾಕಲು ಹೊರಟು ಮೊದಲ ಜೋಡಿಯನ್ನು ನಾಲ್ಕೇ ದಿನಕ್ಕೆ ಕಳಕೊಂಡೆ. ತಪ್ಪು ನನ್ನ ಅವಸರದ್ದೇ.

100 ಲೀಟರಿನ ಗಾಜಿನ ತೊಟ್ಟಿ ಸಾಕು. ಬೋರ್‌ವೆಲ್ಲಿನ ಗಡಸು ನೀರು ಬೇಡ. ಊರಿನ ಶುದ್ಧ ನೀರಿನ ಘಟಕದ ನೀರಿಗೆ ಲೀಟರಿಗೆ 35 ಗ್ರಾಂನಂತೆ ಅಕ್ವೇರಿಯಂ ಕಡಲುಪ್ಪು ಕರಗಿಸಿ. ಅಡುಗೆ ಉಪ್ಪು ನಡೆಯೋದಿಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದು. ಹೈಡ್ರೋಮೀಟರು 1.025 ತೋರಿಸಲಿ. ಉಷ್ಣತೆ 25ರಿಂದ 28 ಡಿಗ್ರಿ ಇರಲಿ.

ರೇಷ್ಮೆ ಮನೆಗೆ ಬ್ಲೀಚಿಂಗ್ ಪುಡಿ ಹಾಕಿ ಸೂಕ್ಷ್ಮಜೀವಿ ಕೊಲ್ಲುತ್ತೇವಲ್ಲ, ಇಲ್ಲಿ ಅದನ್ನೇ ಬೆಳೆಸಬೇಕು. ಮೀನಿನ ಹೊಲಸಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ತಿಂದು ಮುಗಿಸುವುದು ಈ ಜೀವಿಗಳೇ. ಕಲ್ಲು, ಮರಳು, ಫಿಲ್ಟರ್ ಇಟ್ಟು, ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, 4ರಿಂದ 6 ವಾರ ಹಾಗೇ ಓಡಿಸಿ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಸೊನ್ನೆ ಬಂದ ಮೇಲೇ ಮೀನು ಬಿಡಿ. ಬ್ಲೀಚಿಂಗ್ ಮುಟ್ಟಿದ ಕೈ ತೊಟ್ಟಿಗೆ ಹಾಕಬೇಡಿ.

ಹ್ಯಾಚರಿಯಲ್ಲಿ ಹುಟ್ಟಿದ ಎರಡು ಮರಿ ತನ್ನಿ. ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ಮೇಲುಗೈಯಾದದ್ದು ಹೆಣ್ಣಾಗುತ್ತದೆ.

ಆವಿಯಾದಷ್ಟಕ್ಕೆ ಸಿಹಿನೀರು ಮಾತ್ರ ಸೇರಿಸಿ, ಉಪ್ಪು ತೊಟ್ಟಿಯಲ್ಲೇ ಉಳಿದಿರುತ್ತದೆ. ವಾರಕ್ಕೆ 10 ಲೀಟರ್ ಉಪ್ಪುನೀರು ಬದಲಿಸಿ. ತೆಗೆದ ನೀರನ್ನು ಹಿಪ್ಪುನೇರಳೆ ಬುಡಕ್ಕೆ ಸುರಿಯಬೇಡಿ. ಅದರಲ್ಲಿ 350 ಗ್ರಾಂ ಉಪ್ಪಿದೆ. ಅಗಲ ತಟ್ಟೆಯಲ್ಲಿ ಬಿಸಿಲಿಗೆ ಒಣಗಿಸಿ. ಮೀನಿನ ಶೋಕಿಗೆ ಮಣ್ಣು ಕೆಡಬಾರದು.